ಅವರ ಭಾನುವಾರದ ದಾರಿ

"ಹೈವೇ ಹಿಡೀರಿ," ಎಂದು ಮಗಳು ವ್ಯಾನಿನ ಬಾಗಿಲಿಗೆ ಅಡ್ಡ ನಿಂತು ಡ್ರೈವರನಿಗೆ ಹೇಳುತ್ತಿದ್ದಳು. "ಇಪ್ಪತ್ತು ನಿಮಿಷಕ್ಕೆ ಮುಟ್ತೀವಿ. ಆ ಒಳದಾರಿ ಯಾಕೆ? ಸುಮ್ನೆ ಸುತ್ತು."

ಶವಪೆಟ್ಟಿಗೆಯನ್ನು ಆಗಲೇ ಒಳಗೆ ಏರಿಸಿದ್ದರು. ವ್ಯಾನಿನ ಹಿಂದೆ ಏಳು ಜನ ಸೈಕಲ್ ಹಿಡಿದು ನಿಂತಿದ್ದರು, ಎಲ್ಲರೂ ಅರವತ್ತರ ಆಚೀಚೆಯವರು. ಸೈಕಲ್ ಶಾಪಿನವನ ಕೈಯಲ್ಲಿ ಮಾತ್ರ ಎರಡು ಸೈಕಲ್. ಒಂದು ಅವನದು, ಇನ್ನೊಂದು ಸತ್ತವರ ಹಸಿರು ಸೈಕಲ್.

"ನಿಮ್ಮಪ್ಪ ಮೂವತ್ತೊಂದು ವರ್ಷ ಭಾನುವಾರ ಭಾನುವಾರ ತಿರುಗಿದ ದಾರಿ ಕಣಮ್ಮ ಅದು," ಎಂದರು ಅವರಲ್ಲೊಬ್ಬರಾದ ಡ್ರಾಯಿಂಗ್ ಮೇಷ್ಟ್ರು. "ಕೊನೇ ಸಲ ಅದರಲ್ಲೇ ಹೋಗ್ಲಿ ಬಿಡು. ನಾವು ಜೊತೇಲಿ ತುಳ್ಕೊಂಡು ಬರ್ತೀವಿ."

"ಅಮ್ಮನಿಗೆ ಆಯಾಸ ಆಗುತ್ತೆ ಅಂಕಲ್."

ಅಷ್ಟರಲ್ಲಿ ತಾಯಿಯೇ ಮೆಟ್ಟಿಲಿಳಿದು ಬಂದಳು. "ನನಗೇನು ಆಯಾಸ? ಕೂತ್ಕೊಂಡು ಹೋಗೋದು ತಾನೇ. ಆ ಹಾಳು ದಾರಿ ಹೇಗಿದೆ ಅಂತ ನಾನೂ ಒಂದ್ಸಲ ನೋಡ್ಬೇಕು."

ಮಗಳು ಬಾಗಿಲು ಬಿಟ್ಟು ವ್ಯಾನು ಹತ್ತಿದಳು. ಡ್ರೈವರನ ಪಕ್ಕ ಸರಿದು ಕೂತು, ತಾಯಿಗೆ ಕಿಟಕಿಯ ಕಡೆ ಜಾಗ ಬಿಟ್ಟಳು.

ಬೀದಿಯ ದಿನಸಿ ಅಂಗಡಿಯವ ಕಿಟಕಿಯ ಬಳಿ ಬಂದು ಕಣ್ಣೊರೆಸಿಕೊಂಡ. "ತಕ್ಕಡಿ ಸಾಹೇಬ್ರು ಅಂದ್ರೆ ತಕ್ಕಡಿ ಸಾಹೇಬ್ರೇ ಕಣಮ್ಮ. ಹತ್ತು ಗ್ರಾಂ ಸುಳ್ಳು ತಡೀತಿರಲಿಲ್ಲ. ನನಗೇ ಎರಡು ಸಲ ದಂಡ ಹಾಕಿದ್ರು, ಪುಣ್ಯಾತ್ಮ!"

ಊರೆಲ್ಲ ಅವರನ್ನು ಕರೆಯುತ್ತಿದ್ದುದೇ ಹಾಗೆ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ನಿವೃತ್ತಿಯಾಗಿ ಆರು ವರ್ಷವಾದರೂ ಅವರು ಅಂಗಡಿಗೆ ಬಂದರೆ ವ್ಯಾಪಾರಿಗಳು ಅರಿವಿಲ್ಲದೆ ತಕ್ಕಡಿಯ ತಟ್ಟೆ ಒರೆಸುತ್ತಿದ್ದರು. ಮೊನ್ನೆ ಗುರುವಾರ ಬೆಳಗ್ಗೆ ಪೇಪರ್ ಓದುತ್ತ ಕುರ್ಚಿಯಲ್ಲೇ ಕುಸಿದಿದ್ದರು.

*

ಮದುವೆಯಾದಾಗ ಅವರಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಬರುತ್ತಿದ್ದುದು ಹೆಂಡತಿಗೆ. ಆಗ ಆಕೆ ಬೇರೊಂದು ಊರಿನ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ಬಸುರಿ ಬಾಣಂತಿಯರ ಮನೆಗಳಿಗೆ ಹೋಗಲು ಆಸ್ಪತ್ರೆಯವರೇ ಕೊಟ್ಟ ಕರಿ ಸೈಕಲ್ಲಿನಲ್ಲಿ, ಹ್ಯಾಂಡಲ್ಲಿಗೆ ಚೀಲ ತೂಗುಹಾಕಿಕೊಂಡು ಊರಿನ ಮೂಲೆ ಮೂಲೆ ಸುತ್ತುತ್ತಿದ್ದಳು. ಕೆಲವು ಮಕ್ಕಳು ಆಕೆ ತಲುಪುವವರೆಗೂ ಕಾದು ಹುಟ್ಟಿದವೆಂದು ಅಲ್ಲಿನವರು ತಮಾಷೆ ಮಾಡುತ್ತಿದ್ದರು.

ಮದುವೆಯಾದ ಎರಡನೇ ತಿಂಗಳು ಗಂಡ ಸಂಕೋಚದಿಂದ ಕೇಳಿದ. "ನನಗೂ ಕಲಿಸ್ತೀಯಾ? ಯಾರಿಗೂ ಹೇಳ್ಬಾರದು."

ಶಾಲೆಯ ಮೈದಾನದಲ್ಲಿ ಬೆಳಗ್ಗೆ ಐದೂವರೆಗೆ ಪಾಠ. ಅವನ ಬೆನ್ನಿಗೆ ಅಂಗೈಯೊತ್ತಿ ಆಕೆ ಓಡುತ್ತಿದ್ದಳು. "ಕೆಳಗೆ ನೋಡ್ಬೇಡ್ರೀ, ದೂರ ನೋಡಿ!" ಅವನು ಕೆಳಗೇ ನೋಡಿ ಮೂರು ಸಲ ಬೇಲಿಯೊಳಗೆ ಬಿದ್ದ. ಮುಳ್ಳು ಕೀಳುತ್ತ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ತಿಂಗಳೊಳಗೆ ಅವನೂ ಒಂದು ಸೈಕಲ್ ಕೊಂಡ. ಭಾನುವಾರ ಇಬ್ಬರೂ ಹೊಳೆಯವರೆಗೆ ಹೋಗಿಬರುತ್ತಿದ್ದರು. ಆಕೆಯದೇ ಯಾವಾಗಲೂ ನೂರು ಮಾರು ಮುಂದೆ. "ಸ್ವಲ್ಪ ನಿಧಾನ ಹೋಗೇ," ಎಂದು ಅವನು ಹಿಂದಿನಿಂದ ಕೂಗುತ್ತಿದ್ದ. ಗಾಳಿಯಲ್ಲಿ ಕೇಳಿಸಲಿಲ್ಲವೆಂದು ನಟಿಸಿ ಆಕೆ ಇನ್ನೂ ಜೋರಾಗಿ ತುಳಿಯುತ್ತಿದ್ದಳು.

ಮಗಳಿಗೆ ಮೂರು ವರ್ಷವಾದಾಗ ಅವನಿಗೆ ಈ ಊರಿಗೆ ವರ್ಗವಾಯಿತು. ಆಕೆ ಕೆಲಸ ಬಿಟ್ಟಳು. ಇಲ್ಲಿಗೆ ಬಂದು ಶಾಲೆಯ ಸಮವಸ್ತ್ರ ಹೊಲಿಯುವ ಹೊಲಿಗೆ ಯಂತ್ರದ ಮುಂದೆ ಕೂತಳು. ಆಸ್ಪತ್ರೆಯ ಸೈಕಲ್ ಹಿಂತಿರುಗಿಸಬೇಕಾಗಿದ್ದರಿಂದ ತನ್ನದೇ ಒಂದು ನೀಲಿ ಸೈಕಲ್ ಕೊಂಡು ತಂದಿದ್ದಳು.

ಮೊದಲ ಭಾನುವಾರ ದಾರಿ ನೋಡಿಬರುತ್ತೇನೆಂದು ಅವನೊಬ್ಬನೇ ಹೋದ. ಹತ್ತು ಗಂಟೆಗೆ ಮನೆಗೆ ಬಂದವನು ಎರಡು ಲೋಟ ನೀರು ಕುಡಿದ.

"ಯಪ್ಪಾ, ಸಾಕಪ್ಪಾ. ಏರು ಅಂದ್ರೆ ಗೋಡೆ ಕಣೇ, ಗೋಡೆ. ಒಂದು ಏರಿಗೆ ಜನ ಗುಂಡಿಗೆ ಏರು ಅಂತ್ಲೇ ಹೆಸರಿಟ್ಟಿದ್ದಾರೆ. ಕಲ್ಲು ಕ್ವಾರಿ ಲಾರಿಗಳು ಮೈಮೇಲೇ ಬರ್ತವೆ. ಅದರ ಮೇಲೆ ನಾಯಿಗಳ ಕಾಟ ಬೇರೆ. ನಿನಗಂತೂ ಬೇಡವೇ ಬೇಡ. ಮಗು ಇದೆ ಮನೇಲಿ."

"ಹಾಗಾದ್ರೆ ನೀವೂ ಹೋಗ್ಬೇಡಿ."

"ನನಗೆ ವಾರಕ್ಕೊಂದ್ಸಲ ಮೈ ಬೆವರದಿದ್ರೆ ಆಗಲ್ಲ. ಹುಷಾರಾಗಿ ಹೋಗ್ತೀನಿ."

ನೀಲಿ ಸೈಕಲ್ ವರ್ಷದೊಳಗೆ ಆಫೀಸಿನ ಜವಾನನ ಮಗಳಿಗೆ ಹೋಯಿತು. ಆಕೆಯದು ಬೇರೆಯದೇ ಒಂದು ಭಾನುವಾರವಾಯಿತು. ಐದಕ್ಕೆದ್ದು ಅವನಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಡುವುದು. ಆಮೇಲೆ ಕಿಟಕಿಯ ಬಳಿ ಕೂತು ಬೀದಿ ಕಾಯುವುದು. ಅವನ ಗಂಟೆಯ ಸದ್ದು ತಿರುವಿನಲ್ಲಿ ಕೇಳುವವರೆಗೆ ಆಕೆ ಕಿಟಕಿ ಬಿಟ್ಟು ಏಳುತ್ತಿರಲಿಲ್ಲ. ಮಳೆಗಾಲದಲ್ಲಂತೂ ಲಾರಿಗಳ ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂಬ ಯೋಚನೆಯಲ್ಲೇ ಹೊಲಿಗೆ ತಪ್ಪುತ್ತಿತ್ತು.

*

ಊರಿನ ಕೊನೆಯ ಗೋದಾಮು ದಾಟಿ ವ್ಯಾನು ಒಳದಾರಿಗೆ ತಿರುಗಿತು. ಡ್ರೈವರ್ ವೇಗ ಇಳಿಸಿದ. ಹಿಂದೆ ಏಳು ಸೈಕಲ್ಲುಗಳ ಚೈನಿನ ಸದ್ದು ಕೇಳುವಷ್ಟು ನಿಶ್ಶಬ್ದ.

ಎರಡೂ ಕಡೆ ಹೊಲಗಳು. ನೆಲ ಮೆಲ್ಲಗೆ ಏಳುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು, ಮಲಗಿದವರ ಉಸಿರಿನ ಹಾಗೆ. ಆಲೂಗಡ್ಡೆಯ ಸಾಲು ಮುಗಿದರೆ ಜೋಳ, ಜೋಳ ಮುಗಿದರೆ ಸೂರ್ಯಕಾಂತಿ. ದಾರಿಯ ಮೇಲೆ ಎರಡು ಕೋಳಿಗಳು ನಡೆಯುತ್ತಿದ್ದವು. ವ್ಯಾನು ಹತ್ತಿರ ಬಂದರೂ ಅವಸರಪಡಲಿಲ್ಲ.

ಆಕೆ ಲಾರಿಗಳಿಗಾಗಿ ಕಾದಳು. ಕಾಲು ಗಂಟೆ ಕಾದಳು.

"ಕ್ವಾರಿ ಯಾವ ಕಡೆ ಬರುತ್ತೆ?" ಎಂದು ಡ್ರೈವರನನ್ನು ಕೇಳಿದಳು.

"ಯಾವ ಕ್ವಾರಿ ಅಮ್ಮಾ? ಈ ಕಡೆ ಕಲ್ಲೆಲ್ಲಿದೆ? ಹತ್ತಾಳುದ್ದ ಅಗೆದ್ರೂ ಬರೀ ಮಣ್ಣು. ನಮ್ಮೂರೇ ಇದು, ನನಗೆ ಗೊತ್ತಿಲ್ವಾ?"

"ಗುಂಡಿಗೆ ಏರು?"

ಡ್ರೈವರ್ ಯೋಚಿಸಿದ. "ಆ ಹೆಸರು ಕೇಳಿಲ್ಲ. ಏರು ಅಂದ್ರೆ ಈಗ ಹತ್ತಿದ್ವಲ್ಲ, ಅದೇ ದೊಡ್ಡದು."

ಎದುರಿನಿಂದ ಒಂದು ಸೈಕಲ್ ಬಂತು. ತುಳಿಯುತ್ತಿದ್ದವಳು ಆಕೆಯದೇ ವಯಸ್ಸಿನ ನರೆಗೂದಲ ಹೆಂಗಸು. ಹಿಂದೆ ಎರಡು ಹಾಲಿನ ಕ್ಯಾನು. ಶವದ ವ್ಯಾನು ಕಂಡು ಪಕ್ಕಕ್ಕೆ ಸರಿದು, ಕಾಲೂರಿ, ತಲೆ ತಗ್ಗಿಸಿದಳು. ಏರು ಹತ್ತಿ ಬಂದಿದ್ದರೂ ಏದುಸಿರಿರಲಿಲ್ಲ.

ಆಕೆ ಮಗಳ ಕಡೆ ತಿರುಗಿದಳು. ಮಗಳು ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದಳು.

"ನೀನು ಈ ದಾರೀಲಿ ಬಂದಿದ್ಯಾ?"



"ಅಪ್ಪ ಸಂಗೀತದ ಕ್ಲಾಸಿಗೆ ಬಿಡ್ತೀನಿ ಅಂತ ಕರ್ಕೊಂಡು ಹೋಗ್ತಿದ್ರಲ್ಲಮ್ಮ... ಎಷ್ಟೋ ಭಾನುವಾರ ಇಲ್ಲಿಗೇ ಬರ್ತಿದ್ವಿ."

"ಅದಕ್ಕೇ ನೀನು ಸರಿಗಮ ದಾಟಲಿಲ್ಲ."

"ಹೇಳ್ಬೇಡ ಅಂದಿದ್ರು. 'ನಿಮ್ಮಮ್ಮ ಬಂದ್ರೆ ಅವಳೇ ಮುಂದೆ ಹೋಗ್ತಾಳೆ, ನಾನು ಮತ್ತೆ ಅವಳ ಬೆನ್ನು ನೋಡ್ಬೇಕು' ಅಂತಿದ್ರು. ನಗ್ತಾ ಅಂತಿದ್ರು ಅಮ್ಮ. ನನಗೆ ಅದೊಂದು ಆಟ ಅನ್ನಿಸ್ತಿತ್ತು."

"ದೊಡ್ಡವಳಾದ ಮೇಲೆ?"

"ಆಮೇಲೆ ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ. ಅಪ್ಪನಿಗೆ ತನ್ನದು ಅಂತ ಒಂದು ದಿನ ಬೇಕಿತ್ತೇನೋ."

"ನನಗೆ ಬೇಡ್ವಾ?"

ಡ್ರೈವರ್ ರಸ್ತೆಯನ್ನೇ ದಿಟ್ಟಿಸಿ ನೋಡುತ್ತ ಗೇರ್ ಬದಲಾಯಿಸಿದ.

"ಹೋಗ್ಲಿ, ಬರ್ಬೇಡ ಅಂದಿದ್ರೆ ನಾನು ಬರ್ತಿರಲಿಲ್ಲ," ಎಂದಳು ಆಕೆ. ಸ್ವರ ಏರಿರಲಿಲ್ಲ. "ಜಗಳ ಆಡಿ, ಎರಡು ದಿನ ಮಾತು ಬಿಟ್ಟು ಸುಮ್ನಾಗ್ತಿದ್ದೆ. ಲಾರಿ ಯಾಕೆ ಹೇಳ್ಬೇಕಿತ್ತು? ಮೂವತ್ತೊಂದು ವರ್ಷ ಆ ಕಿಟಕೀಲಿ ಕೂತು ನಾನು ಇವರ ಹೆಣ ಬರುತ್ತೇನೋ ಅಂತ ಎಣಿಸ್ಕೊಂಡೆ. ನೀನೂ ನೋಡ್ತಿದ್ದೆ."

ಮಗಳು ಅಳತೊಡಗಿದಳು. ಆಕೆ ಸಮಾಧಾನ ಮಾಡಲಿಲ್ಲ. ಕಿಟಕಿಯ ಗಾಜು ಪೂರ್ತಿ ಇಳಿಸಿ ಹೊಲಗಳನ್ನು ನೋಡುತ್ತ ಕೂತಳು.

*

ಸ್ಮಶಾನ ಒಂದು ಇಳಿಜಾರಿನ ಮೇಲಿತ್ತು. ಪೆಟ್ಟಿಗೆ ಇಳಿಸಿದ ಮೇಲೆ ಡ್ರಾಯಿಂಗ್ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ನಾಲ್ಕು ಮಾತಾಡಿದರು. ಗೆಳೆಯನ ಪ್ರಾಮಾಣಿಕತೆಯ ಬಗ್ಗೆ, ಶಿಸ್ತಿನ ಬಗ್ಗೆ. ಯಾರ ಸಹಾಯವೂ ಇಲ್ಲದೆ ಎಂಟನೇ ವಯಸ್ಸಿಗೇ ಸೈಕಲ್ ಕಲಿತ ಧೈರ್ಯದ ಬಗ್ಗೆ.

"ನಮ್ಮ ಅತ್ತಿಗೆಗೆ ಸೈಕಲ್ ಕಂಡ್ರೆ ಜೀವಭಯ," ಎಂದರು ಕೊನೆಗೆ. "ಎಷ್ಟು ಕರೆದ್ರೂ ಬರಲ್ಲ ಅಂತ ಅವರು ಬೇಜಾರು ಮಾಡ್ಕೋತಿದ್ರು. ಆದ್ರೂ ಈ ತಾಯಿ ಗಂಡನನ್ನ ಒಂದು ದಿನ ತಡೀಲಿಲ್ಲ. ಅಂಥ ಹೆಂಡ್ತಿ ಸಿಗೋದು ಕಷ್ಟ."

ಎಲ್ಲರೂ ಆಕೆಯ ಕಡೆ ನೋಡಿದರು. ಆಕೆಯ ಮುಷ್ಟಿಯಲ್ಲಿ ಮಣ್ಣಿತ್ತು.

"ಕರೆದ್ರಂತಾ?"

"ಹೂಂ ಅತ್ತಿಗೆ. ಎಷ್ಟು ಸಲ ಹೇಳಿದಾರೆ."

"ಅವರಿಗೆ ಸೈಕಲ್ ಕಲಿಸಿದ್ದು ನಾನು," ಎಂದಳು ಆಕೆ.

 ಹೈವೇಯಲ್ಲಿ ಮೊದಲೇ ಬಂದಿದ್ದ ದಿನಸಿ ಅಂಗಡಿಯವ ಪಕ್ಕದವನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಪಾಪ, ದುಃಖದಲ್ಲಿ ಏನೇನೋ ಬಾಯಿಗೆ ಬರ್ತಿದೆ," ಎಂದ. ಮೇಷ್ಟ್ರು ಕನಿಕರದಿಂದ ತಲೆಯಾಡಿಸಿದರು. ಮಗಳು ಮುಂದೆ ಬಂದು, "ಅಮ್ಮ ಹೇಳ್ತಿರೋದು ನಿಜ," ಎಂದಳು. ಅದನ್ನೂ ಅವರು ಮಗಳ ಪ್ರೀತಿಯೆಂದೇ ತಿಳಿದರು.

ಆಕೆ ಮಣ್ಣು ಹಾಕಿದಳು. ಕೈ ಒರೆಸಿಕೊಂಡಳು.

ಜನ ಗೇಟಿನ ಕಡೆ ಸರಿಯುತ್ತಿದ್ದಾಗ ಸೈಕಲ್ ಶಾಪಿನವ ಹಸಿರು ಸೈಕಲ್ ತಳ್ಳಿಕೊಂಡು ಬಂದ. "ಅಮ್ಮಾ, ನೀವು ಒಪ್ಪಿದ್ರೆ ಇದನ್ನ ನಮ್ಮ ಶಾಪಿನ ಗೋಡೆಗೆ ತೂಗಿಹಾಕ್ತೀವಿ. ಪಕ್ಕದಲ್ಲಿ ಸಾಹೇಬ್ರ ಫೋಟೋ. ಎಲ್ಲರ ಆಸೆ ಅದು."

"ಬೇಡ."

"ಹಾಗಾದ್ರೆ ಮನೆಗೆ ತಂದು..."

"ನಟ್ಟು ಬಿಚ್ಚೋ ಪಾನಾ ಇದೆಯಾ ನಿಮ್ಮ ಹತ್ರ?"

ಇತ್ತು. ಸೀಟಿನ ಕೆಳಗಿನ ಚೀಲದಿಂದ ತೆಗೆದು, ಏಕೆಂದು ತಿಳಿಯದೆ ಕೈಯಲ್ಲಿ ಹಿಡಿದು ನಿಂತ.

"ಸೀಟು ಇಳಿಸಿ."

"ಅಮ್ಮಾ, ಇವತ್ತು... ಈ ಹೊತ್ತಲ್ಲಿ..." ಅವನು ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಎಲ್ಲೋ ನೋಡುತ್ತಿದ್ದರು.

"ಇಳಿಸಿ."

ಅವನು ಕುಕ್ಕರಗಾಲಲ್ಲಿ ಕೂತು ನಟ್ಟು ಸಡಿಲಿಸಿದ. ಸೀಟಿನ ಕೊಳವೆ ಅಲುಗಾಡಲಿಲ್ಲ. ವರ್ಷಗಟ್ಟಲೆ ಒಂದೇ ಎತ್ತರದಲ್ಲಿ ನಿಂತು ತುಕ್ಕು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟ, ಎಡಕ್ಕೆ ತಿರುಚಿದ, ಬಲಕ್ಕೆ ತಿರುಚಿದ. ಮೇಲಿಂದ ಅಂಗೈಯಲ್ಲಿ ಗುದ್ದಿದ. ಕೊನೆಗೆ ಅದು ಕಿರ್ ಎಂದು ಒಂದು ಬೆರಳಿನಷ್ಟು ಕೆಳಗೆ ಜಾರಿತು. ಕೆಂಪು ಪುಡಿ ಅವನ ಬೆರಳಿಗೆ ಮೆತ್ತಿತು.

"ಇಷ್ಟು ಸಾಕಾ ಅಮ್ಮಾ?"

ಆಕೆ ಚಪ್ಪಲಿ ಕಳಚಿ ಸೈಕಲ್ಲಿನ ಪಕ್ಕ ನೆಟ್ಟಗೆ ನಿಂತಳು. ಸೀಟು ಇನ್ನೂ ಆಕೆಯ ಸೊಂಟಕ್ಕಿಂತ ಗೇಣು ಮೇಲಿತ್ತು.

"ಇನ್ನೂ," ಎಂದಳು.