ಯಾತ್ಮಿಯ ಹೊಸ ಹೆಜ್ಜೆ

ಭಾನುವಾರ ಬೆಳಿಗ್ಗೆ ಸೆಮರಾಂಗ್ ಊರಿನ ನಮ್ಮ ಓಣಿಯ ಹೆಂಗಸರೆಲ್ಲ ಬ್ಯಾಡ್ಮಿಂಟನ್ ಅಂಗಳದಲ್ಲಿ ಸೇರುತ್ತಾರೆ, ಹಾಡು ಹಾಕಿಕೊಂಡು ಕಸರತ್ತು ಮಾಡುವುದಕ್ಕೆ. ಮಾಡಿಸುವವಳು ನನ್ನ ಹೆಂಡತಿ ಯಾತ್ಮಿ. ಸ್ಪೀಕರ್ ಹೊರುವವನು, ವೈರು ಸಿಕ್ಕಿಸುವವನು, ಬೈಸಿಕೊಳ್ಳುವವನು ನಾನು.

ಅವಳಷ್ಟು ಚೆನ್ನಾಗಿ ಮಾಡಿಸುವವರು ಸುತ್ತಮುತ್ತ ಇಲ್ಲ. ಗಂಡನೆಂಬ ಕಾರಣಕ್ಕೆ ಹೇಳುತ್ತಿಲ್ಲ; ಮನೆಯಲ್ಲಿ ಅವಳೊಡನೆ ಏಗುವವನಿಗೆ ಹೊಗಳುವ ಚಪಲ ಉಳಿದಿರುವುದಿಲ್ಲ. ಬೇರೆಯವರು ಮೈಕಿನಲ್ಲಿ ಕೂಗಿ ಗಂಟಲು ಹರಿದುಕೊಳ್ಳುತ್ತಾರೆ. ಇವಳು ಮೈಕು ಮುಟ್ಟುವುದಿಲ್ಲ. ಹೆಂಗಸರಿಗೆ ಮುಖ ಮಾಡಿ ನಿಂತು, ಅವರ ಬಲಗೈ ಏಳಬೇಕಾದರೆ ಕನ್ನಡಿಯ ಹಾಗೆ ತನ್ನ ಎಡಗೈ ಎತ್ತುತ್ತಾಳೆ. ಯೋಚನೆ ಮಾಡಬೇಡಿ, ಪಕ್ಕದವರನ್ನು ನೋಡಬೇಡಿ, ನನ್ನನ್ನು ನೋಡಿ ನಾನು ಮಾಡಿದ್ದನ್ನು ಮಾಡಿ ಎಂದು ಮೊದಲ ದಿನವೇ ಹೇಳಿಬಿಡುತ್ತಾಳೆ. ಗಂಡ, ಅತ್ತೆ, ಮಕ್ಕಳು ಎಂದು ತಲೆ ಕೆಡಿಸಿಕೊಂಡು ಬಂದವರಿಗೆ ಅಷ್ಟು ಹೊತ್ತು ತಲೆಯೇ ಬೇಡ. ಅದಕ್ಕೇ ಅವರು ಅವಳೆಂದರೆ ಜೀವ ಬಿಡುತ್ತಾರೆ.

ನಾನು ಕೂರುವುದು ಅವಳ ಬೆನ್ನ ಹಿಂದೆ, ಸ್ಪೀಕರ್ ಪಕ್ಕದಲ್ಲಿ. ಅವಳು ನಗುತ್ತಿದ್ದಾಳೋ ಇಲ್ಲವೋ ಎಂಬುದು ಎದುರಿನವರ ಮುಖ ನೋಡಿಯೇ ನನಗೆ ತಿಳಿಯಬೇಕು.

ಈ ಭಾನುವಾರ ಕರಿದ ಸೋಯಾ ತೆಂಪೆಯ ತುಂಡು ತಿನ್ನುತ್ತಾ ತಲೆ ಎತ್ತಿದರೆ, ಹೆಂಗಸರೆಲ್ಲರ ಎಡಗೈ ಮೇಲಿತ್ತು, ಬಲಗೈ ಜೋತುಬಿದ್ದಿತ್ತು. ಎಲ್ಲರೂ ಬಾಯಿಯ ಒಂದೇ ಪಕ್ಕದಿಂದ ನಗುತ್ತಿದ್ದರು. ಏನೋ ತಮಾಷೆ ತೆಗೆದಿದ್ದಾಳೆ ಎಂದು ನನಗೂ ನಗು ಬಂತು. ಆಮೇಲೆ ಎಲ್ಲರೂ ಬಲಗಾಲು ಎಳೆಯತೊಡಗಿದರು. ಆಗ ಯಾತ್ಮಿಯ ಬೆನ್ನು ನೋಡಿದೆ. ಎಡಭುಜ ಇಳಿದುಹೋಗಿತ್ತು. ಕೈ ಹಾಡಿಗೆ ಆಡುತ್ತಿರಲಿಲ್ಲ, ಸುಮ್ಮನೆ ತೂಗಾಡುತ್ತಿತ್ತು.

ಹಾಡು ನಿಲ್ಲಿಸಿದೆ. ಅವಳು ಇದ್ದಲ್ಲೇ ಕುಸಿದು ಕೂತಳು. ಹೆಂಗಸರೂ ಕೂತರು. ಒಬ್ಬಳೂ ಓಡಿ ಬರಲಿಲ್ಲ. ಮುಂದೇನು ಮಾಡಿಸುತ್ತಾಳೋ ಎಂದು ಅವಳನ್ನೇ ನೋಡುತ್ತಿದ್ದರು.

"ನೋಡ್ತಾ ಕೂತ್ಕೋಬೇಡ್ರಮ್ಮಾ, ಬಂದು ಹಿಡ್ಕೊಳ್ಳಿ" ಎಂದೆ.

ಆಸ್ಪತ್ರೆಯಲ್ಲಿ ಹುಡುಗಿಯಂಥ ಒಬ್ಬ ಡಾಕ್ಟರು, ಪಾರ್ಶ್ವವಾಯು ಎಂದರು. ಮಾಡಬೇಕಾದ್ದನ್ನೆಲ್ಲ ಮಾಡುತ್ತಿದ್ದೇವೆ, ಕೈಕಾಲಿನ ಶಕ್ತಿ ಎಷ್ಟು ಮರಳಿ ಬರುತ್ತದೆ ಹೇಳಲಾರೆ ಎಂದರು. ನನ್ನ ಕೈಯಲ್ಲಿ ಅವಳ ಬೂಟುಗಳಿದ್ದವು, ಎಲ್ಲಿಡಬೇಕೋ ತಿಳಿಯಲಿಲ್ಲ. ಇದಕ್ಕೆ ಮುಂಚೆ ಯಾವಾಗಲಾದರೂ ಕೈ ಸೋತದ್ದು, ಬಾಯಿ ಸೊಟ್ಟಗಾದದ್ದು ಉಂಟೇ, ಸ್ವಲ್ಪ ಹೊತ್ತಾದರೂ ಸರಿ ಎಂದು ಕೇಳಿದರು. ಎಷ್ಟೋ ಜನರಿಗೆ ಅದೇ ಎಚ್ಚರಿಕೆಯಂತೆ. ಆಗಲೇ ಕರೆತಂದರೆ ದೊಡ್ಡದು ಬಾರದಂತೆ ತಡೆಯಬಹುದಂತೆ.

ಇಲ್ಲವೇ ಇಲ್ಲ ಎಂದೆ. ಕಲ್ಲಿನಂಥ ಹೆಂಗಸು, ಒಂದು ನೆಗಡಿಯೂ ಕಂಡವಳಲ್ಲ ಎಂದೆ.

ನನ್ನ ಹಿಂದೆ ಹೆಂಗಸರು ಗುಂಪಾಗಿ ನಿಂತಿದ್ದರು, ಬೆವರಿದ ಬಟ್ಟೆಯಲ್ಲೇ. ಯಾವಾಗಲೂ ಮೊದಲ ಸಾಲಿನಲ್ಲಿ ನಿಲ್ಲುವ ವಿವಿಕ್ ಮೆಲ್ಲಗೆ ಬಾಯಿ ತೆರೆದಳು.

"ಹೋದ ವಾರಾನೂ ಇತ್ತಲ್ಲಣ್ಣಾ ಈ ಹೆಜ್ಜೆ. ಸ್ವಲ್ಪ ಹೊತ್ತು ಮಾಡ್ಸಿ ಬಿಟ್ಬಿಟ್ರು. ನಮಗೆ ಸರಿಯಾಗಿ ಬರ್ಲಿಲ್ಲ ಅಂತ ಬೇಜಾರಾಯ್ತೇನೋ ಅಂದ್ಕೊಂಡು, ವಾರವೆಲ್ಲ ಮನೇಲಿ ಅಭ್ಯಾಸ ಮಾಡಿದ್ವಿ."

ಹೋದ ಭಾನುವಾರ ನಾನು ಮೀನು ಹಿಡಿಯಲು ಹೋಗಿದ್ದೆ. ಸ್ಪೀಕರ್ ನೋಡಿಕೊಂಡಿದ್ದವನು ವಿವಿಕ್‌ಳ ಗಂಡ. ಯಾರ ಮೇಲೆ ಸಿಟ್ಟು ಮಾಡಬೇಕೋ ಗೊತ್ತಾಗಲಿಲ್ಲ.

ಎಂಥ ಹೆಜ್ಜೆ ಎಂದು ಡಾಕ್ಟರು ಕೇಳಿದರು. ವಿವಿಕ್ ಒಂದು ಹೆಜ್ಜೆ ಮುಂದೆ ಬಂದು ಎಡಗೈ ಎತ್ತಿದಳು, ಬಲಗೈ ಇಳಿಬಿಟ್ಟಳು, ಕಾಲು ಎಳೆದಳು, ಅರ್ಧ ಬಾಯಲ್ಲಿ ನಕ್ಕಳು. ಎಲ್ಲೂ ತಪ್ಪಲಿಲ್ಲ.