ಬಾಗಿಲಿಗೆ ಬಂದ ಬಿಸಿಲು

ಆನ್ಸೆಲ್ಮ್ ಒದ್ದೆ ದುಪ್ಪಟಿಯನ್ನು ಹಗ್ಗಕ್ಕೆ ಎಸೆಯುವಷ್ಟರಲ್ಲಿ ಪಕ್ಕದ ಮನೆಯ ಝೆಲಿ ಅದರ ಇನ್ನೊಂದು ತುದಿ ಹಿಡಿದು ಜಗ್ಗಿದಳು.

"ತಲೆ ಕೆಟ್ಟಿದ್ಯಾ ನಿಂಗೆ? ಹೆಂಡ್ತಿ ಶವದ ಪೆಟ್ಟಿಗೆ ಬಾಗ್ಲಲ್ಲಿದೆ. ಸಾವಿನ ಮನೇಲಿ ಯಾರಾದ್ರೂ ಬಟ್ಟೆ ಒಣಹಾಕ್ತಾರಾ?"

"ಒಣಗ್ಸೋಕಲ್ಲ ಕಣೆ. ಪಾದ್ರಿಗಳು ಬರೋದ್ರೊಳಗೆ ಆಗ್ಬೇಕು, ಬಿಡು."

ಊರಿನ ಬಟ್ಟೆಯನ್ನೆಲ್ಲ ಒಗೆದು ಬೆಳ್ಳಗೆ ಮಾಡಿದ ಫಿಲೊಮೆನ್ ಈಗ ಕರಿ ಬಟ್ಟೆಯಡಿ ಮಲಗಿದ್ದಳು. ಕಾಲ ಬಳಿ ತೀರ್ಥದ ಬಟ್ಟಲು, ಅದರಲ್ಲೊಂದು ಹಸಿರೆಲೆಯ ಕಡ್ಡಿ. ಬಂದವರು ಅದ್ದಿ ಚಿಮುಕಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ಉತ್ತರಕ್ಕೆ ಮುಖಮಾಡಿದ ಆ ಬಾಗಿಲಿಗೆ ಬಿಸಿಲೇ ಬೀಳದು. ಇಂಥ ಮಬ್ಬಿನಲ್ಲಿ ಅವಳನ್ನು ಕಳಿಸಿಕೊಡಲು ಆನ್ಸೆಲ್ಮನಿಗೆ ಸುತಾರಾಂ ಮನಸ್ಸಿರಲಿಲ್ಲ.

*

ಅವರ ಮದುವೆಯ ಹೊಸತರಲ್ಲಿ ತಾವೆರ್ನೊ ಎಂಬ ಚಿತ್ರಗಾರ ಪ್ಯಾರಿಸಿನಿಂದ ಬಂದು ಈ ಅಂಗಳದಲ್ಲೇ ಠಿಕಾಣಿ ಹೂಡಿದ್ದ. ಬಾವಿ, ಗೋಡೆ, ಕೋಳಿ ಎಲ್ಲ ಬರೆದವನು ಬಾಗಿಲು ಬರೆಯುವ ಸರದಿ ಬಂದಾಗ ಕುಂಚ ಕೆಳಗಿಟ್ಟ.

"ಏನಾಯ್ತು ಸ್ವಾಮಿ?" ಎಂದಳು ಫಿಲೊಮೆನ್.

"ಬೆಳಕಿಲ್ಲಮ್ಮ. ಮಸಿ ಬಳಿದ ಹಾಗಿದೆ."

"ಅಷ್ಟೇನಾ?"

ದೊಡ್ಡ ಬಿಳಿ ದುಪ್ಪಟಿಯೊಂದನ್ನು ತೆಗೆದು ಎದುರಿನ ಬಿಸಿಲಿಗೆ ಹರವಿದಳು. ಅದರಿಂದ ಚಿಮ್ಮಿದ ಬೆಳಕಿಗೆ ಬಾಗಿಲ ಮೇಲೆ ಹಾಲು ಚೆಲ್ಲಿದಂತಾಯಿತು.

"ಬಟಾಣಿ ಸುಲಿಯೋವಾಗ ದಿನಾ ಹೀಗೇ ಮಾಡೋದು. ದೀಪದೆಣ್ಣೆ ಉಳಿಯುತ್ತೆ."

ಆ ಬೆಳಕಲ್ಲೇ ಅವಳನ್ನೂ ಬರೆದ. ಚಿತ್ರ ನೋಡಿ ಅವಳು ಮುಖ ಊದಿಸಿದಳು.

"ಕೋಳಿಗೆ ಕಣ್ಣು ಬರ್ದಿದೀರ. ನಂಗೆ ಬರೀ ಬೆನ್ನು."

ಈ ಮಾತನ್ನು ಕೊನೆಯತನಕ ಹೇಳಿಕೊಂಡು ನಗುತ್ತಿದ್ದಳು.

*

"ಊರೋರು ಏನಂತಾರೆ?" ಝೆಲಿ ದುಪ್ಪಟಿಯ ತುದಿ ಇನ್ನೂ ಬಿಟ್ಟಿರಲಿಲ್ಲ.

"ತುಸು ಎಡಕ್ಕೆ, ಆನ್ಸೆಲ್ಮ್," ಎಂದಿತು ಹಿಂದಿನಿಂದ ಒಂದು ದನಿ. ಗಡ್ಡವೆಲ್ಲ ನರೆತ ತಾವೆರ್ನೊ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

ಇಬ್ಬರು ಮುದುಕರೂ ಸೇರಿ ಎಳೆದಾಡಿದರೂ ದುಪ್ಪಟಿ ಮುದುಡಿಯೇ ಇತ್ತು. ಝೆಲಿಗೆ ತಡೆಯಲಾಗಲಿಲ್ಲ.

"ಸರೀರಿ ಆ ಕಡೆ. ಇಷ್ಟು ಸುಕ್ಕು ನೋಡಿದ್ರೆ ಅವ್ಳು ಎದ್ದು ಬಂದು ನನಗೇ ಬೈತಾಳೆ."

ಅವಳು ಒಮ್ಮೆ ಕೊಡವಿ ಬಿಗಿಯಾಗಿ ಹರವಿದಳು. ಬಾಗಿಲು ಬೆಳಗಿತು. ಕರಿ ಬಟ್ಟೆಯ ಮೇಲೆ ತೀರ್ಥದ ಹನಿಗಳು ಮಿನುಗಿದವು. ಝೆಲಿಯ ಮಾತಿಗೆ ಯಾರೋ ನಕ್ಕರು, ಆಮೇಲೆ ಎಲ್ಲರೂ.

ಪಾದ್ರಿಗಳು ಬಂದು ಪ್ರಾರ್ಥನೆ ಹೇಳಿ ಮುಗಿಸಿದರು. ಹೊರುವವರು ಪೆಟ್ಟಿಗೆ ಎತ್ತಿದರು. ಅಂಗಳದ ಹೆಬ್ಬಾಗಿಲ ತನಕವೂ ದಾರಿ ನೆರಳೇ. ಹಿಂದೆ ನಡೆಯಬೇಕಾದ ಗಂಡ ಅಲ್ಲಾಡಲಿಲ್ಲ.

"ಇನ್ನೇನಪ್ಪಾ?" ಎಂದರು ಪಾದ್ರಿಗಳು.

ಉತ್ತರ ಕೊಟ್ಟವಳು ಝೆಲಿ. ಹಗ್ಗದಿಂದ ದುಪ್ಪಟಿ ಬಿಚ್ಚಿ ಒಂದು ತುದಿ ಆನ್ಸೆಲ್ಮನ ಕೈಗಿಟ್ಟಳು. "ಮೇಲೆ ಹಿಡ್ಕೋ. ನೆಲಕ್ಕೆ ತಾಗಿದ್ರೆ ನೋಡು."

ಬಿಸಿಲಿನ ಬದಿಯಲ್ಲಿ ದುಪ್ಪಟಿ ಹಿಡಿದು ಅವರಿಬ್ಬರು, ನೆರಳಿನ ಬದಿಯಲ್ಲಿ ಫಿಲೊಮೆನ್. ಬೆಳಕು ಅವಳ ಜೊತೆ ಹೆಜ್ಜೆಹೆಜ್ಜೆಗೂ ಸರಿಯುತ್ತಾ ಹೆಬ್ಬಾಗಿಲವರೆಗೆ ಹೋಯಿತು. ಅಲ್ಲಿಂದಾಚೆ ಬೀದಿ ತುಂಬ ಬಿಸಿಲಿತ್ತು.