ಮಾತುಮಾತಿಗೂ ಥ್ಯಾಂಕ್ಸ್

ಧನಕವಡಿಯ ಬಸವಣ್ಣೆವ್ವನಿಗೆ ಸೊಸೆಯ ಮೇಲೆ ಇದ್ದದ್ದು ಒಂದೇ ದೂರು: ಹುಡುಗಿ ಮಾತುಮಾತಿಗೂ ಥ್ಯಾಂಕ್ಸ್ ಹೇಳುತ್ತಾಳೆ. ಇದೂ ಒಂದು ದೂರೇ ಎಂದು ನಗಬೇಡಿ. ಚಹಾ ಕೊಟ್ಟರೆ ಥ್ಯಾಂಕ್ಸ್, ಡಬ್ಬಿ ಕಟ್ಟಿದರೆ ಥ್ಯಾಂಕ್ಸ್, ಒಣಗಿದ ಬಟ್ಟೆ ಮಡಚಿಟ್ಟರೂ ಥ್ಯಾಂಕ್ಸ್. ಮೈಸೂರು ಕಡೆಯ ಸಿಂಧೂರ ಮದುವೆಯಾಗಿ ಈ ಮರಾಠಿ ಊರಿಗೆ ಬಂದು ಅರ್ಧ ವರ್ಷವಾದರೂ ನೆಂಟರ ಮನೆಗೆ ಬಂದವಳಂತೆಯೇ ಇದ್ದಳು.

ಅದೇ ಥ್ಯಾಂಕ್ಸನ್ನು ಶಿವಾಜಿನಗರಕ್ಕೆ ಬಿಟ್ಟ ರಿಕ್ಷಾದವನಿಗೂ ಹೇಳುತ್ತಿದ್ದಳು, ಲಿಫ್ಟಿನ ಬಾಗಿಲು ಹಿಡಿದವರಿಗೂ ಹೇಳುತ್ತಿದ್ದಳು. ಫೋನಿನಲ್ಲಿ ಕ್ರೆಡಿಟ್ ಕಾರ್ಡ್ ಬೇಕೇ ಎಂದು ಪೀಡಿಸಿದವಳಿಗೂ 'ಬೇಡ, ಥ್ಯಾಂಕ್ಸ್' ಎನ್ನುತ್ತಿದ್ದಳು. ಬೇಕಾದದ್ದಕ್ಕೂ ಅದೇ, ಬೇಡದ್ದಕ್ಕೂ ಅದೇ. ಹೆಣ್ಣುಮಕ್ಕಳಿಲ್ಲದ ಬಸವಣ್ಣೆವ್ವ ಮಗಳೇ ಬಂದಳೆಂದು ಹಿಗ್ಗಿದ್ದಳು. ಈಗ ತಾನೂ ರಿಕ್ಷಾದವನೂ ಒಂದೇ ಸಾಲಿನಲ್ಲಿ ನಿಂತಂತಾಗಿ ಸಂಕಟಪಡುತ್ತಿದ್ದಳು.

"ಅದು ರೂಢಿ ಅವ್ವಾ," ಎಂದ ಮಗ ಸ್ವಪ್ನಿಲ್.

"ನೀ ಯಾವಾಗರ ನನಗ ಥ್ಯಾಂಕ್ಸ್ ಅಂದೀಯೇನು? ಪಲ್ಯಾಕ ಉಪ್ಪಿಲ್ಲ ಅಂತೀ. ಮನಿಯವ್ರು ಹಂಗ ಅಂತಾರ."

ಆ ಭಾನುವಾರ ಮುದುಕಿಗೆ ಕಿಡಿಗೇಡಿ ಬುದ್ಧಿ ಬಂತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಲ್ಲ. ಸಿಂಧೂರ ಬಿ.ಪಿ. ಗುಳಿಗೆ ತಂದು ಕೈಗಿಟ್ಟಾಗ ಅತ್ತೆ "ಥ್ಯಾಂಕ್ಯೂರೀ" ಎಂದಳು. ಕನ್ನಡಕ ಹುಡುಕಿಕೊಟ್ಟಾಗಲೂ ಎಂದಳು. ಸಂಜೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಮತ್ತೆ ಎಂದಳು.

ಸೊಸೆಯ ಕೈ ನಿಂತಿತು. "ಅತ್ತೆ, ನನ್ನಿಂದ ಏನಾದ್ರೂ ತಪ್ಪಾಯ್ತಾ? ಬೆಳಗ್ಗೆಯಿಂದ ಹೊರಗಿನವರ ಥರ ಮಾತಾಡ್ತಿದ್ದೀರ."

"ಹೌದಿಲ್ಲೋ? ನೀ ಬಂದಾಗಿಂದ ನನಗೂ ಹಂಗ ಅನಸ್ತದ."

ಸಿಂಧೂರಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಕಣ್ಣು ತುಂಬಿತು. "ಅತ್ತೆ ಮಾಡಿದ್ದನ್ನೆಲ್ಲ ಹಕ್ಕು ಅಂದ್ಕೋಬೇಡ ಅಂತ ಅಮ್ಮ ಹೇಳಿ ಕಳ್ಸಿದ್ರು. ಎಲ್ಲಿ ಬೇಜಾರು ಮಾಡ್ಕೊಳ್ತೀರೋ ಅಂತ ಭಯ."

"ಹಕ್ಕಿಲ್ಲದ್ದು ಮನಿ ಹೆಂಗಾಗ್ತದ ನನ್ನವ್ವಾ," ಎಂದು ಬಸವಣ್ಣೆವ್ವ ಸೊಸೆಯ ಎಣ್ಣೆಗೈಯನ್ನು ಹಿಡಿದುಕೊಂಡಳು.

ಮರುದಿನ ಡಬ್ಬಿ ಕೈಗಿಟ್ಟಾಗ ಸೊಸೆಯ ಬಾಯಿಂದ 'ಥ್ಯಾ' ಎಂದು ಹೊರಟದ್ದು ಅಲ್ಲೇ ನಿಂತಿತು. ಅವಳು ಮುಚ್ಚಳ ತೆಗೆದು ನೋಡಿ, ಅಳುಕುತ್ತಲೇ ಕೇಳಿದಳು: "ಇವತ್ತೂ ಹೀರೇಕಾಯೇನಾ, ಅತ್ತೆ?"

"ಸುಮ್ಮ ತಿನ್ನು. ನಾಳಿ ಬದನಿಕಾಯಿ ಮಾಡ್ತೇನಿ," ಎಂದು ಬಸವಣ್ಣೆವ್ವ ಗದರಿದಳು. ಗದರಿ ಒಳಗೆ ಹೋಗಿ, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಆ ದಿನವೆಲ್ಲ ಮೆಟ್ಟಿಲಲ್ಲಿ, ಕಾಯಿಪಲ್ಲೆ ಗಾಡಿಯ ಹತ್ತಿರ, ಸಿಕ್ಕ ಕನ್ನಡದವರಿಗೆಲ್ಲ ಅವಳು ಹೆಮ್ಮೆಯಿಂದ ಹೇಳಿದ್ದು ಒಂದೇ ಸುದ್ದಿ: "ನಮ್ಮ ಸೊಸಿಗೆ ಹೀರಿಕಾಯಿ ಭಾಳ ಸೇರಂಗಿಲ್ರಿ."